ನನ್ನ ಮಗುವಿಗೆ ಎರಡು ತಾರೀಖು

ಅಮ್ಮ ದೊಡ್ಡನೆಕ್ಕುಂದಿಯಿಂದ ಆಟೊದಲ್ಲಿ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ನಾಳೇನೇ ಆಪರೇಷನ್ ಮಾಡ್ಸ್ಬಿಡಾನ ಹಂಸ. ಮಂಗಳವಾರದಿಂದ ಧನುರ್ಮಾಸ. ಸೋಮವಾರ ಬೆಳಿಗ್ಗೆ ಘಳಿಗೆ ಚೆನ್ನಾಗದೆ ಅಂತ ಜೋಯಿಸ್ರು ಅಂದವ್ರೆ.”

ಕೈಯಲ್ಲಿ ಜೀರಿಗೆ ಕಷಾಯದ ಫ್ಲಾಸ್ಕು. ಕುಡಿದರೆ ನೋವು ಬೇಗ ಬರುತ್ತದಂತೆ.

ಅತ್ತೆ ಶಾಂತಕುಮಾರಿ ಆಗ ತಾನೇ ಚರ್ಚಿನಿಂದ ಬಂದಿದ್ದರು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ ಅವರಿಗೆ ಆಗಮನ ಕಾಲ. ಹಸಿರೆಲೆ ಸುತ್ತಿದ ಬಳೆಯಂಥ ಚಕ್ರದಲ್ಲಿ ನಾಲ್ಕು ಮೇಣದಬತ್ತಿ ನಿಲ್ಲಿಸಿ ವಾರಕ್ಕೊಂದು ಹಚ್ಚುತ್ತಾರೆ. ಅವತ್ತು ಮೂರನೆಯದು, ಗುಲಾಬಿ ಬಣ್ಣದ್ದು. ಕಡ್ಡಿ ಗೀರಲು ಹೊರಟವರು ತಿರುಗಿದರು.

“ಯಾಕೆ ಬೀಗಿತ್ತಿಯವ್ರೇ ಇಷ್ಟು ಅವಸರ? ಇಪ್ಪತ್ತೈದಕ್ಕೆ ಹುಟ್ಲಿ ಅಂತ ನಾನು ಹರಕೆ ಹೊತ್ತಿದೀನಿ. ಅದಕ್ಕೇ ಇವಳನ್ನ ಮಂಚದಿಂದ ಇಳಿಯೋಕೇ ಬಿಡ್ತಿಲ್ಲ.”

“ಮಲಗ್ಸಿ ಮಲಗ್ಸಿ ಮಗೂನೂ ಸೋಮಾರಿ ಮಾಡ್ತೀರಾ?”

“ನೀವು ಕಷಾಯ ಹುಯ್ದು ಓಡಿಸ್ತೀರಲ್ಲ, ಅದಕ್ಕಿಂತ ವಾಸಿ!”

ಡಾಕ್ಟರಮ್ಮ ಹೇಳಿದ್ದು ಇಷ್ಟೇ: ಮಗು ಚೆನ್ನಾಗಿದೆ, ನಡೆದಾಡು, ಅದು ಬರುವಾಗ ಬರುತ್ತೆ. ಅದೊಂದು ಮಾತು ಇವರಿಬ್ಬರ ಕಿವಿಗೆ ಬಿದ್ದೇ ಇರಲಿಲ್ಲ. ನನ್ನ ಗಂಡ ಅರುಳ್ ಟಿವಿಯ ಸೌಂಡು ಜಾಸ್ತಿ ಮಾಡಿದ. ಅಲ್ಲಿಗೆ ನನ್ನ ತಲೆ ಕೆಟ್ಟಿತು. ಮೊದಲು ಟಿವಿ ಆರಿಸಿದೆ. ಫ್ಲಾಸ್ಕು ತೆಗೆದುಕೊಂಡು ಹೋಗಿ ಸಿಂಕಿಗೆ ಸುರಿದೆ.

“ಹೋದ ವರ್ಷ ಐದನೇ ತಿಂಗಳಲ್ಲಿ ಒಂದು ಹೋಯ್ತಲ್ಲಮ್ಮ, ಅದಕ್ಕೆ ಯಾವ ಘಳಿಗೆ ಕೇಳಿದ್ದೆ ನೀನು?”

ಅಮ್ಮ ಬಂದು ಖಾಲಿ ಫ್ಲಾಸ್ಕು ಎತ್ತಿಕೊಂಡಳು.

“ಹೇಳು ಹೇಳು, ಸರಿಯಾಗೇ ಕೇಳ್ದೆ,” ಎನ್ನುತ್ತಾ ಅತ್ತೆ ಕಡ್ಡಿ ಗೀರಿದರು.

“ನಿಮ್ಗೂ ಇದೆ ಅತ್ತೆ. ಈ ಕಾಲ ಅಂದ್ರೆ ಕಾಯೋದು, ಒಂದೊಂದೇ ಬತ್ತಿ ಹಚ್ಕೊಂಡು ತಾಳ್ಮೆಯಿಂದ ಕಾಯೋದು ಅಂತ ನಂಗೆ ಹೇಳ್ಕೊಟ್ಟೋರು ನೀವೇ. ನನ್ನ ಕಟ್ಟಿ ಮಲಗ್ಸೋದು ಕಾಯೋದಾ? ಬರೋ ಮಗೂನ ಬಾಗ್ಲಲ್ಲೇ ತಡೆಯೋದು ಅದು. ನಿಮ್ಮ ಹಬ್ಬಕ್ಕೆ ಅಲಂಕಾರ ಬೇಕು, ಅಮ್ಮಂಗೆ ಜಾತಕ ಬೇಕು. ನಂಗೆ ಮಗು ಬೇಕು. ಉಸಿರಾಡೋ ಮಗು. ಅಷ್ಟೇ.”

ಉರಿಯುತ್ತಿದ್ದ ಕಡ್ಡಿ ಅತ್ತೆಯ ಬೆರಳು ಸುಟ್ಟಿತು. ಕೊಡವಿ ಆರಿಸಿದರು.

“ಇನ್ನೊಂದ್ಸಲ ತಾರೀಖು ಅಂತ ಬಾಯ್ಬಿಟ್ರೆ, ನೋವು ಬಂದಾಗ ಇಬ್ರಿಗೂ ಹೇಳಲ್ಲ. ಅರುಳ್, ನೀನೂ ಕೇಳ್ಸ್ಕೋ. ಹೇಳಿದ್ಯೋ, ನಿನ್ನೂ ಬಿಟ್ಟು ಆಟೊ ಹತ್ತೀನಿ.”

“ಅಯ್ಯೋ, ನಾನೇನ್ ಮಾಡ್ದೆ?” ಎಂದ ಅವನು.

“ಏನೂ ಮಾಡ್ಲಿಲ್ಲ. ಅದೇ ನಿನ್ ತಪ್ಪು.”

ಚಪ್ಪಲಿ ಮೆಟ್ಟಿ ಬೀದಿಗೆ ಇಳಿದೆ. ಸಿಟ್ಟು ಇಳಿದಿರಲಿಲ್ಲ, ಆದರೂ ಎಷ್ಟೋ ದಿನದ ಮೇಲೆ ನಡೆಯುವುದು ಸುಖವಾಗಿತ್ತು. ಹಳೇ ಮನೆ ಕೆಡವುತ್ತಿದ್ದ ಸೈಟು ದಾಟುವಾಗ ಹಿಂದೆ ಚಪ್ಪಲಿ ಸದ್ದು ಕೇಳಿಸಿತು. ಅಮ್ಮ, ಅತ್ತೆ ಇಬ್ಬರೂ ಬರುತ್ತಿದ್ದರು, ಹತ್ತಿರ ಬರುವ ಧೈರ್ಯವಿಲ್ಲದೆ.

ಬೇಕರಿ ಮುಂದೆ ಉಸಿರು ಸುಧಾರಿಸಿಕೊಳ್ಳಲು ನಿಂತೆ. ಅವರೂ ನಿಂತರು.

“ನೋವಾ?” ಇಬ್ಬರೂ ಒಟ್ಟಿಗೇ ಕೇಳಿದರು.

“ಸಿಟ್ಟು,” ಎಂದೆ.

“ಇಳಿಯೋವರ್ಗೂ ನಡಿ, ನಾವು ಹಿಂದೆ ಇರ್ತೀವಿ,” ಎಂದಳು ಅಮ್ಮ. ಅತ್ತೆ ತಲೆಯಾಡಿಸಿದರು. ಯಾರೂ ತಾರೀಖಿನ ಮಾತೆತ್ತಲಿಲ್ಲ. ಒಳಗೆ ಮಗು ಒಂದು ಸಲ ಹೊರಳಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮತ್ತೆ ನಡೆದೆ.