ಸಿಹಿ ಜೇಕಿನ ಗೆಡ್ಡೆ

ಜ್ವರ ಬಿಟ್ಟರೂ ಅಮ್ಮನ ನಾಲಿಗೆಗೆ ರುಚಿ ಮರಳಲಿಲ್ಲ. ಉಪ್ಪು, ಹುಳಿ, ಖಾರ ಯಾವುದನ್ನು ಬಾಯಿಗಿಟ್ಟರೂ ಒದ್ದೆ ಕಾಗದ ಅಗಿದ ಹಾಗಿದೆ ಅನ್ನುತ್ತಿದ್ದಳು. ಮೊದಮೊದಲು ನಗುತ್ತಲೇ ಅಂದಳು. ಆಮೇಲೆ ತಟ್ಟೆಯನ್ನೇ ದೂರ ಸರಿಸತೊಡಗಿದಳು. ಅವಳ ಕೈಗಡಿಯಾರ ಮೊಣಕೈವರೆಗೆ ಜಾರುವುದನ್ನು ನಾನು ಬಾಗಿಲ ಮರೆಯಿಂದ ನೋಡುತ್ತಿದ್ದೆ. ಹೀಗೇ ಉಪವಾಸ ಬಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಬಾಯಿಗೆ ಏನು ಬೇಕನ್ಸುತ್ತೆ, ಅದನ್ನಾದ್ರೂ ಹೇಳೇ ಮಹಾರಾಯ್ತಿ," ಎಂದಳು ನಮ್ಮ ಜೊತೆಗೇ ಇರುವ ಚಿಕ್ಕಮ್ಮ.

ಅಮ್ಮ ಕಿಟಕಿಯ ಕಡೆ ತಿರುಗಿದಳು. "ಸಿಹಿ ಜೇಕಿನ ಗೆಡ್ಡೆ."

"ಹುಲ್ಲು ಮೇಯೋ ಆಸೆನಾ? ಸರಿಹೋಯ್ತು! ಒಂದು ಹಗ್ಗಾನೂ ತರ್ಲಾ?"

ನನಗೆ ನಗು ಬರಲಿಲ್ಲ. ಅದು ಎಲ್ಲಿ ಬೆಳೆಯುತ್ತಿತ್ತೆಂದು ನನಗೆ ಗೊತ್ತಿತ್ತು.

ಅಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಒಣಗಿಸಿದ ಗಿಡಗಳನ್ನಿಡುವ ಕೋಣೆಯೂ ಅವಳದೇ ಉಸ್ತುವಾರಿ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಮೇಜಿನ ಕೆಳಗೆ ಕೂತು ಲೆಕ್ಕ ಮಾಡುತ್ತಿದ್ದೆ. ಅಂಟಿನ ವಾಸನೆ, ನುಸಿಗುಳಿಗೆಯ ವಾಸನೆ, ಹಳೇ ಪತ್ರಿಕೆಗಳ ನಡುವೆ ಅಪ್ಪಚ್ಚಿಯಾಗಿ ಮಲಗಿದ ಜೇಕುಗಳು. ಹುಲ್ಲಿನಂತೆ ಕಂಡರೂ ಅವು ಹುಲ್ಲಲ್ಲ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಅಂಚು ತಾಗಬೇಕು. ಅಷ್ಟು ಯಾರಿಗಾದರೂ ಬರುತ್ತಿತ್ತು. ಕಷ್ಟವೆಲ್ಲ ಕೊನ್ನಾರಿ ಎಂಬ ಜೇಕನ್ನೂ ಸಿಹಿ ಜೇಕನ್ನೂ ಬೇರೆ ಮಾಡುವುದರಲ್ಲಿ. ಕೊನ್ನಾರಿಯ ತೆನೆ ಕಂದುಗೆಂಪು, ಗೆಡ್ಡೆಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ ಸಾಲಾಗಿರುತ್ತವೆ. ಸಿಹಿ ಜೇಕಿನ ತೆನೆ ಹೊಂಬಣ್ಣ, ಗೆಡ್ಡೆ ಬೇರಿನ ತುದಿಗೆ ಒಂದೊಂದೇ. ಒಣಗಿ, ಬೇರು ಮುರಿದ ಮೇಲೆ ಎರಡೂ ಒಂದೇ ಆಗಿ ವಿದ್ಯಾರ್ಥಿಗಳ ತಲೆ ತಿನ್ನುತ್ತಿದ್ದವು.

ಆಗ ಅಮ್ಮ ಎಲ್ಲರನ್ನೂ ಕಟ್ಟಡದ ಹಿಂದಿನ ನಲ್ಲಿಯ ಬಳಿಗೆ ಎಬ್ಬಿಸಿಕೊಂಡು ಹೋಗುತ್ತಿದ್ದಳು. ಹಸಿ ಗೆಡ್ಡೆ ತೊಳೆದು ಕೈಗಿಡುತ್ತಿದ್ದಳು. "ಕಚ್ಚಿ ನೋಡ್ರೋ." ಕೊನ್ನಾರಿ ಕಹಿ, ಘಾಟು, ಸಿಹಿ ಜೇಕು ಬಾದಾಮಿಯ ಹಾಗೆ. ಕಹಿ ಸಿಕ್ಕವರ ಮುಖ ನೋಡಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಮನೆಯಲ್ಲಿ ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಮರುದಿನ ಅಗೆಯಲು ಒಂದು ಚಮಚ ಹಿಡಿದು ಕಾಲೇಜಿಗೆ ಹೋದೆ. ಆ ಕೋಣೆಯಲ್ಲಿ ಈಗ ಮುರಿದ ಕುರ್ಚಿಗಳು ಸೂರು ಮುಟ್ಟಿವೆ. ನಲ್ಲಿ ಮಾತ್ರ ಈಗಲೂ ಸೋರುತ್ತಿತ್ತು. ಪಕ್ಕದಲ್ಲೆದ್ದ ಹೊಸ ಗೋಡೆಯ ನೆರಳಲ್ಲಿ ಜೇಕು ದಟ್ಟವಾಗಿತ್ತು, ತೆನೆ ತಿಳಿಹಳದಿ. ಹಾಕಿದ ಬೀಗವನ್ನೂ ಎಳೆದೆಳೆದು ನೋಡುವ ಜಾತಿ ನನ್ನದು. ಕೂತು, ಬಗ್ಗಿ, ಕಾಂಡ ಹೊರಳಿಸಿ, ಮತ್ತೆ ಬಗ್ಗಿ ನೋಡಿದೆ.

"ಏನಮ್ಮಾ, ಉಂಗುರ ಕಳ್ಕೊಂಡ್ರಾ?" ಕಾವಲುಗಾರ ಕೇಳಿದ.

"ಇಲ್ಲ, ಹುಲ್ಲು."

"ಹುಲ್ಲು ಕಳ್ಕೊಂಡ್ರಾ?"

ಗಡಿಬಿಡಿಯಲ್ಲಿ ಬುಡ ಹಿಡಿದು ಎಳೆದೆ. ಬೇರು ತುಂಡಾಗಿ ಗೆಡ್ಡೆಗಳು ಒಂದೊಂದೇ ಕೈಗೆ ಬಂದವು. ಒಂದೊಂದೇ ಬಂದದ್ದು ನೋಡಿ ನನಗೆ ಧೈರ್ಯ ಬಂತು.

ಮನೆಯಲ್ಲಿ ಮಣ್ಣು ಹೋಗುವಂತೆ ಉಜ್ಜಿ ತೊಳೆದು, ಸಿಪ್ಪೆ ಕೆರೆದು, ಅಮ್ಮನ ಅಂಗೈಗೆ ಹಾಕಿದೆ. ಚಿಕ್ಕಮ್ಮನೂ ಒಲೆ ಸಣ್ಣ ಮಾಡಿ ಬಂದು ನಿಂತಳು. ಅಮ್ಮ ಕಚ್ಚಿದಳು, ಅಗಿದಳು. ಇನ್ನೂ ಅಗಿದಳು. ಇದೂ ಕಾಗದ ಅಂದುಬಿಟ್ಟರೆ ಮುಂದೇನೆಂದು ನಾನು ಅವಳ ಬಾಯನ್ನೇ ನೋಡುತ್ತಿದ್ದೆ.

ಅವಳ ಹುಬ್ಬು ಗಂಟಾಯಿತು. ಮುಖ ಪೂರ್ತಿ ಸೊಟ್ಟಗಾಯಿತು.

"ಥೂ! ಇದು ಕೊನ್ನಾರಿ ಕಣೇ! ನೆರಳಲ್ಲಿ ಬೆಳೆದದ್ದು ತಂದ್ಯಾ? ನೆರಳಲ್ಲಿ ತೆನೆ ಬಣ್ಣ ನಂಬ್ತಾರಾ ಯಾರಾದ್ರೂ? ಎಲೆ ತುದಿ ಮೊಂಡೋ ಚೂಪೋ ನೋಡೋಕೆ ಏನಾಗಿತ್ತು? ನನ್ನ ಹೊಟ್ಟೇಲಿ ಹುಟ್ಟಿ..."

"ತಡಿ ತಡಿ," ಚಿಕ್ಕಮ್ಮ ಅವಳ ಭುಜ ಹಿಡಿದಳು. "ನಿಂಗೆ ಹೇಗೆ ಗೊತ್ತಾಯ್ತು?"

"ಹೇಗೆ ಅಂದ್ರೆ? ಹಾಲಾಹಲ ಇದ್ದಂಗಿದೆ..."

ಅಮ್ಮ ಮಾತು ನಿಲ್ಲಿಸಿದಳು. ಅಂಗೈಯಲ್ಲಿದ್ದ ಅರ್ಧ ಗೆಡ್ಡೆಯನ್ನು ನೋಡಿದಳು, ನನ್ನನ್ನು ನೋಡಿದಳು. ಮೆಲ್ಲಗೆ ಅದನ್ನು ಮತ್ತೆ ಬಾಯಿಗಿಟ್ಟು, ಮುಖ ಕಿವುಚುತ್ತಲೇ ಅಗಿಯತೊಡಗಿದಳು.

"ಇನ್ನೊಂದು ತೊಳ್ಕೊಂಡು ಬಾ," ಅಂದಳು.