ನೀರು ಬಲಗಡೆಗಿದ್ದರೆ ಸಾಕು

ಟಕ್ ಟಕ್. ಟಕ್ ಟಕ್.

ರಾತ್ರಿ ಬಹಳ ಹೊತ್ತಾಗಿತ್ತು. ಕಾರಿನ ಅಡಿಯಿಂದ ಯಾರೋ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಾಗಿಲು ತಟ್ಟುತ್ತಿರುವಂಥ ಸದ್ದು. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಸೊಸೆ ಗಕ್ಕನೆ ಎದ್ದು ಕೂತಳು.

“ಮಾವ, ಏನೋ ಟಕ್ ಟಕ್ ಅಂತಿದೆ. ಚಕ್ರದ ನಟ್ಟು ಸಡಿಲಾಗಿರಬೇಕು.”

“ನಟ್ಟು ಗಟ್ಟಿಯಾಗೇ ಇದೆ. ಸಡಿಲಾಗಿರೋದು ನಿನ್ನ ನರ. ಮಲಗಮ್ಮ ಸೈರನ್ನು,” ಎಂದರು ಮಾವ, ರಸ್ತೆಯಿಂದ ಕಣ್ಣು ಕೀಳದೆ. ಅವರ ಪಕ್ಕದಲ್ಲಿ ಅತ್ತೆ ಗೊರಕೆಯಲ್ಲೇ ಹೂಂಗುಟ್ಟಿದರು. ಅಷ್ಟರಲ್ಲಿ ಸದ್ದು ನಿಂತಿತು, ಮರಗಳ ಸಂದಿಯಲ್ಲಿ ಲಾಡ್ಜಿನ ದೀಪ ಕಾಣಿಸಿತು. ಸದ್ದು ನಿಂತದ್ದಕ್ಕೂ ಅವಳಿಗೆ ಹೆದರಿಕೆಯಾಯಿತು. ನಟ್ಟು ಬಿದ್ದೇ ಹೋಯಿತೋ ಏನೋ!

ಸೈರನ್ ಎಂಬ ಹೆಸರು ಅವಳಿಗೆ ಸುಮ್ಮನೆ ಅಂಟಿಕೊಂಡದ್ದಲ್ಲ. ಪಠ್ಯಪುಸ್ತಕಗಳು ಅಚ್ಚಿಗೆ ಹೋಗುವ ಮುಂಚೆ ತಪ್ಪು ಹುಡುಕುವುದು ಅವಳ ಕೆಲಸ. ಆ ಕೆಲಸ ಸಂಜೆ ಅವಳ ಜೊತೆಯಲ್ಲೇ ಮನೆಗೆ ಬಂದು ಚಪ್ಪಲಿ ಬಿಡುತ್ತಿತ್ತು. ಗ್ಯಾಸ್ ಆರಿಸಿದೆಯೇ, ಗೋಡೆಯ ಬಿರುಕು ನಿನ್ನೆಗಿಂತ ಉದ್ದವಾಗಿದೆಯೇ, ಮಾವ ಕೆಮ್ಮಿದ್ದು ಒಣಕೆಮ್ಮೋ ಅಲ್ಲವೋ, ಎಲ್ಲಕ್ಕೂ ಅವಳು ಮೊದಲು ಕೂಗಿಕೊಳ್ಳುತ್ತಿದ್ದಳು. ಅದಕ್ಕೇ ಗಂಡ ಈ ಪ್ರವಾಸಕ್ಕೆ ಅವಳನ್ನು ಕಳಿಸಿದ್ದ.

“ಅಪ್ಪನಿಗೆ ವಯಸ್ಸಾಯ್ತು. ಒಂದು ಸಲ ದಾರಿ ತಪ್ಪಿದ್ರೂ ಸಾಕು, ಬಂದ ತಕ್ಷಣ ಕೀ ಇಸ್ಕೊಂಡುಬಿಡ್ತೀನಿ,” ಎಂದಿದ್ದ. “ದಿನಾ ಸಂಜೆ ಫೋನ್ ಮಾಡ್ತೀನಿ. ನಿನಗೆ ಸುಳ್ಳು ಹೇಳೋಕೆ ಬರಲ್ಲ, ಅದೇ ನನಗೆ ಧೈರ್ಯ.”

ಮಾವ ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯವರೆಗೆ ಊರಿನ ವರ್ತುಲ ಬಸ್ಸು ಓಡಿಸಿದವರು. ಹೊರಟಲ್ಲಿಗೇ ಬಂದು ಸೇರುವ ದಾರಿ. ಬೇರೆ ದಾರಿಯ ಬಸ್ಸು ಕೊಡುತ್ತೇವೆಂದರೂ ಒಪ್ಪಿರಲಿಲ್ಲ. ನಿವೃತ್ತಿಯಾದ ಮೇಲೆ ಎಷ್ಟೋ ದಿನ, ಬೀದಿಯಲ್ಲಿ ಬಸ್ಸಿನ ಸದ್ದಾದಾಗಲೆಲ್ಲ ಅನ್ನದ ತಟ್ಟೆ ಬಿಟ್ಟು ಕಿಟಕಿಗೆ ಓಡುತ್ತಿದ್ದರು. ಕಾರು ಕೊಂಡ ಮೇಲೆ ಆ ಓಟ ನಿಂತಿತ್ತು. ಈಗ ಕೀಯನ್ನು ದಿಂಬಿನ ಅಡಿ ಇಟ್ಟುಕೊಂಡು ಮಲಗುತ್ತಿದ್ದರು. ಅದು ಹೋದರೆ ಮಾವ ಮತ್ತೆ ಕಿಟಕಿಗೇ ಎಂಬುದು ಸೊಸೆಗೆ ಗೊತ್ತಿತ್ತು.

ದೊಡ್ಡ ಸರೋವರವನ್ನು ಆರಾಮವಾಗಿ ಒಂದು ಸುತ್ತು ಹಾಕಬೇಕೆಂಬುದು ಅವರ ಬಹುಕಾಲದ ಆಸೆ. ಹೊರಡುವ ಮುಂಚೆಯೇ ಕಾನೂನು ಮಾಡಿದ್ದರು: ನಕ್ಷೆ ಬೇಡ, ಫೋನು ನೋಡುವುದು ಬೇಡ. “ಸುತ್ತು ಹಾಕೋಕೆ ನಕ್ಷೆ ಯಾಕೆ? ನೀರು ಬಲಗಡೆಗಿದ್ದರೆ ಸಾಕು, ಮನೆ ತಾನೇ ಬರುತ್ತೆ.”

ಬೆಳಿಗ್ಗೆ ಅವಳು ನಾಲ್ಕೂ ಚಕ್ರದ ನಟ್ಟುಗಳನ್ನು ಹಿಡಿದು ಅಲ್ಲಾಡಿಸಿದಳು. ಒಂದೂ ಅಲ್ಲಾಡಲಿಲ್ಲ. ಅತ್ತೆ ಬಾಗಿಲು ಹಾಕಿಕೊಂಡು “ರೈಟ್!” ಎಂದರು. ಮಾವ ಆ ಮಾತು ಕೇಳದೆ ಗಾಡಿ ಎತ್ತುತ್ತಿರಲಿಲ್ಲ.

ಬಲಕ್ಕೆ ನೀರು ಪಳಪಳ ಹೊಳೆಯುತ್ತಿತ್ತು. ಸೈಕಲ್ಲಿನವರು ಬೆಲ್ಲು ಬಾರಿಸಿ ಕಾರನ್ನು ಹಿಂದೆ ಹಾಕಿದರು. ರಸ್ತೆ ಬದಿ ಯಾರು ನಿಂತಿದ್ದರೂ ಮಾವನ ಕಾಲು ಬ್ರೇಕಿಗೆ ಹೋಗುತ್ತಿತ್ತು.

“ಅವರು ಹಲ್ಲುಜ್ಜುತ್ತಾ ನಿಂತಿದಾರೆ ಕಣ್ರೀ. ಬಸ್ಸಿಗಲ್ಲ,” ಎಂದರು ಅತ್ತೆ.

“ನಿಂತವರನ್ನ ಬಿಟ್ಟು ಹೋಗೋ ಅಭ್ಯಾಸ ನನಗಿಲ್ಲ.”

ಒಂದು ಕಡೆ ಎತ್ತರದ ಜೊಂಡಿನ ನಡುವೆ ಇಕ್ಕಟ್ಟಾದ ದಾರಿಯೊಂದು ಬಲಕ್ಕೆ ತಿರುಗಿತ್ತು. ಮಾವ ಅತ್ತ ನೋಡಲೂ ಇಲ್ಲ. ಸ್ವಲ್ಪ ಮುಂದೆ ನೀಲಿ ಬಾಗಿಲಿನ ಚಹಾದಂಗಡಿ ಬಂತು. ಅದರ ಮುಂದೆ, ಕುತ್ತಿಗೆ ನಿಗುರಿಸಿಕೊಂಡು, ಬಾಲದ ಗರಿ ಕಿತ್ತುಹೋದ ಒಂದು ಹೆಬ್ಬಾತು. ಅದು ನೇರವಾಗಿ ಕಾರಿನ ಮೇಲೇ ಏರಿಬಂತು. ಮಾವ ಗೇಣುದ್ದ ದೂರದಲ್ಲಿ, ತುಂಬಿದ ಲೋಟವಿದ್ದರೂ ಚೆಲ್ಲದ ಹಾಗೆ ಗಾಡಿ ನಿಲ್ಲಿಸಿದರು. ಹೆಬ್ಬಾತು ಟಯರನ್ನು ಎರಡು ಸಲ ಕುಕ್ಕಿ, ಗೆದ್ದವರ ಹಾಗೆ ಹಿಂದಿರುಗಿತು. ಅತ್ತೆ ಕೊಡೆಯನ್ನು ಬೆಂಚಿಗೆ ಒರಗಿಸಿದರು, ಎಲ್ಲರೂ ಚಹಾ ಕುಡಿದರು. “ರೈಟ್!”

ಮಧ್ಯಾಹ್ನ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿನ್ನುತ್ತಾ ಸಾಗುವಾಗ ಇನ್ನೊಂದು ಚಹಾದಂಗಡಿ ಬಂತು. ಅದಕ್ಕೂ ನೀಲಿ ಬಾಗಿಲು. ಅಲ್ಲೂ ಒಂದು ಹೆಬ್ಬಾತು ಅಡ್ಡ ಬಂತು, ಮಾವ ಮತ್ತೆ ಗೇಣು ದೂರದಲ್ಲಿ ಗಾಡಿ ನಿಲ್ಲಿಸಿದರು. ಅಂಗಡಿಯವನು ಕೈ ಬೀಸಿದ.

“ಈ ಕಡೆ ಜನ ಎಷ್ಟು ಸ್ನೇಹ ನೋಡಿ,” ಎಂದರು ಅತ್ತೆ, ತಾವೂ ಕೈ ಬೀಸುತ್ತಾ.

“ಹಿಂದಿನ ಊರಿನವನ ತಮ್ಮ ಇರಬೇಕು. ಅದೇ ಮೀಸೆ.”

“ಮಾವ, ಹೆಬ್ಬಾತೂ ಅದೇ ಥರ...”

“ಅದರ ತಮ್ಮ!” ಎಂದು ಮಾವ ತಮ್ಮ ಮಾತಿಗೆ ತಾವೇ ನಕ್ಕು ಕೆಮ್ಮಿದರು.

ಇಲ್ಲದ ತಪ್ಪು ಕಾಣುವುದು ತನ್ನ ರೋಗ ಎಂದು ಎಲ್ಲರೂ ಹೇಳುತ್ತಾರಲ್ಲ, ಹಾಗೇ ಇರಬೇಕು ಎಂದುಕೊಂಡಳು ಸೊಸೆ. ಆದರೂ ಕೈಬೆರಳುಗಳು ಸೆರಗಿನ ತುದಿಯನ್ನು ಗಂಟು ಹಾಕುತ್ತಲೇ ಇದ್ದವು.

“ಈ ರಸ್ತೆ ನನಗೆ ಬಹಳ ಹೊಂದುತ್ತೆ,” ಎಂದರು ಮಾವ. “ಎಲ್ಲಿ ತಿರುವು ಬರುತ್ತೆ ಅಂತ ಮುಂಚೇನೇ ಕೈಗೆ ಗೊತ್ತಾಗುತ್ತೆ!”

ಮಧ್ಯಾಹ್ನ ಕಳೆಯುವಷ್ಟರಲ್ಲಿ ಮೂರನೆಯ ನೀಲಿ ಬಾಗಿಲು ಬಂತು. ಹೆಬ್ಬಾತಿಗೆ ಈಗ ಓಡಲು ತ್ರಾಣವಿರಲಿಲ್ಲ. ರಸ್ತೆಯ ನಡುವೆ ಕೂತು ಬೈಯುತ್ತಿತ್ತು. ಮಾವ ಕಾರು ನಿಲ್ಲಿಸಿ ಸೀಟು ಹಿಂದಕ್ಕೆ ಸರಿಸಿ ಕಣ್ಣು ಮುಚ್ಚಿದರು. ಅತ್ತೆ ಇಳಿದವರೇ, “ಅಯ್ಯೋ ಇಲ್ನೋಡೇ, ನನ್ನ ಕೊಡೆ ಥರದ್ದೇ ಕೊಡೆ!” ಎಂದು ಕೂಗಿದರು.

“ನಿಮ್ಮದೇ ಅಮ್ಮಾ, ತಗೊಳ್ಳಿ,” ಎಂದ ಅಂಗಡಿಯವನು.

“ನೋಡಿದ್ಯಾ! ಚೆನ್ನಾಗಿದೆ ಅಂದಿದ್ದೇ ತಡ, ಕೊಟ್ಟೇಬಿಟ್ಟ. ಎಂಥ ಮನಸ್ಸು!”

ಸೊಸೆ ಕೊಡೆಯ ಹಿಡಿಯನ್ನು ತಿರುಗಿಸಿ ನೋಡಿದಳು. ಅದರ ಸೀಳಿಗೆ ಕೆಂಪು ದಾರ ಸುತ್ತಿತ್ತು. ಹೊರಡುವ ಹಿಂದಿನ ದಿನ ಆ ದಾರ ಸುತ್ತಿದವಳು ಅವಳೇ.

ಅತ್ತೆ ಬಿಸ್ಕತ್ತಿನ ಡಬ್ಬಿಗಳ ಕಡೆ ತಿರುಗಿದ ಕೂಡಲೇ ಅವಳು ಅಂಗಡಿಯವನನ್ನು ಪಕ್ಕಕ್ಕೆ ಕರೆದಳು. “ಅಣ್ಣಾ, ಇದು ಯಾವ ಜಾಗ?”

“ದ್ವೀಪ ಅಲ್ವೇನಕ್ಕಾ. ಸುತ್ತಲೂ ನೀರು. ಬೆಳಿಗ್ಗೆಯಿಂದ ಮೂರು ಸುತ್ತು ಹೊಡೆದ್ರಿ, ಏನೋ ಹರಕೆ ಇರಬೇಕು ಅಂದ್ಕೊಂಡೆ.”

“ನಾವು ಇದರೊಳಕ್ಕೆ ಬಂದಿದ್ದು ಹೇಗೆ?”

“ಜೊಂಡಿನ ಸಂದೀಲಿ ಸೇತುವೆ ಇದೆ. ಅಡ್ಡಪಟ್ಟಿಗಳು ಎದ್ದಿವೆ, ಗಾಡಿ ಹೋದ್ರೆ ಟಕ್ ಟಕ್ ಅನ್ನುತ್ತೆ.”

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕತ್ತಲಲ್ಲಿ ಲಾಡ್ಜಿನ ಬೋರ್ಡು ನೋಡಿ ತಿರುಗಿದ್ದು ಸೇತುವೆಗೆ. ಆಮೇಲೆ ಮಾವ ತಮ್ಮ ಕಾನೂನನ್ನು ಕೂದಲೆಳೆಯಷ್ಟೂ ಮುರಿದಿರಲಿಲ್ಲ. ನೀರು ಬಲಗಡೆಗೇ ಇತ್ತು, ಇಡೀ ದಿನ. ಹೇಳಿದರೆ ಅತ್ತೆ ನಕ್ಕು ನಕ್ಕು ಇವತ್ತೇ ಮಗನಿಗೆ ಫೋನು ಮಾಡುತ್ತಾರೆ. ಹೇಳದಿದ್ದರೆ ಮಾವ ಪೆಟ್ರೋಲು ಮುಗಿಯುವ ತನಕ ಹೆಬ್ಬಾತಿನ ಸಂಸಾರವನ್ನೆಲ್ಲ ಭೇಟಿಯಾಗುತ್ತಾರೆ.

ಕಾರಿನಲ್ಲಿ ಮಾವ ಕಣ್ಣು ಮುಚ್ಚಿಕೊಂಡೇ ಸ್ಟಿಯರಿಂಗಿನ ಮೇಲೆ ಕೈ ಇಟ್ಟುಕೊಂಡಿದ್ದರು.

“ಅಣ್ಣಾ, ಒಂದು ಉಪಕಾರ ಮಾಡ್ತೀರಾ? ಸೇತುವೆ ಹತ್ತಿರ ಹೋಗಿ ಸುಮ್ಮನೆ ನಿಂತ್ಕೊಳ್ಳಿ.”

“ನಿಂತು?”

“ಅಷ್ಟೇ ಸಾಕು. ನಮ್ಮ ಮಾವ ನಿಂತವರನ್ನ ಬಿಡಲ್ಲ.”

ಮತ್ತೊಂದು ಸುತ್ತು ಹೊಡೆದು ಜೊಂಡಿನ ಹತ್ತಿರ ಬಂದಾಗ ಅಂಗಡಿಯವನು ನಿಂತಿದ್ದ. ಸೈಕಲ್ಲಿನಲ್ಲಿ ಅಡ್ಡದಾರಿ ಹಿಡಿದು ಬಂದಿದ್ದನಂತೆ. ಅವನ ಕಂಕುಳಲ್ಲಿ ಹೆಬ್ಬಾತಿತ್ತು. ಬರಿಗೈಯಲ್ಲಿ ನಿಂತರೆ ಅನುಮಾನ ಬರುತ್ತದೆಂದು ಅವನ ಲೆಕ್ಕ. ಮಾವನ ಕಾಲು ತಾನಾಗಿ ಬ್ರೇಕಿಗೆ ಹೋಯಿತು.

“ಎಲ್ಲಿಗೆ?”

“ಇಲ್ಲೇ ಬಲಕ್ಕೆ, ಸೇತುವೆ ದಾಟಿ ಬಿಟ್ಟರೆ ಸಾಕು ಯಜಮಾನ್ರೇ. ಇದನ್ನ ಡಾಕ್ಟರಿಗೆ ತೋರಿಸಬೇಕು.”

“ಹತ್ತಿ, ಹತ್ತಿ. ಮೂರನೇ ತಮ್ಮ ಅಲ್ವಾ ನೀವು?”

“ಹೌದು ಯಜಮಾನ್ರೇ,” ಎಂದ ಅವನು, ಕಣ್ಣು ಮಿಟುಕಿಸದೆ.

“ರೈಟ್!” ಎಂದರು ಅತ್ತೆ.

ಹೆಬ್ಬಾತು ಸೊಸೆಯ ಪಕ್ಕದಲ್ಲೇ. ಅದು ಅವಳ ಕಿವಿಯ ಓಲೆಯನ್ನು ಪರೀಕ್ಷಿಸಿತು, ಕೂದಲಿನಿಂದ ಒಂದು ಪಿನ್ನು ಕಿತ್ತಿತು. ಅವಳು ಅಲುಗಾಡದೆ, ಉಸಿರು ಬಿಗಿಹಿಡಿದು ಕೂತಳು. ಜೀವಮಾನದಲ್ಲಿ ಮೊದಲ ಸಲ ಸೈರನ್ನು ಬಾಯಿ ಬಿಡಲಿಲ್ಲ.

ಟಕ್ ಟಕ್. ಟಕ್ ಟಕ್.

ಮಾವನ ಕಣ್ಣು ಕನ್ನಡಿಯಲ್ಲಿ ಅವಳ ಕಣ್ಣನ್ನು ಹುಡುಕಿತು. “ನೆನ್ನೆ ರಾತ್ರಿ ಹೇಳಿದ್ಯಲ್ಲ, ಆ ಸದ್ದು ಇದೇನಾ?”

“ಅದು... ಸೇತುವೆಗಳ ಸದ್ದೆಲ್ಲ ಹೀಗೇ ಅಲ್ವಾ ಮಾವ?”

ಮಾವನ ಕಿವಿ ಕೆಂಪಗಾಗಿತ್ತೋ, ಇಳಿಬಿಸಿಲು ಬಿದ್ದಿತ್ತೋ. “ಹೂಂ,” ಎಂದರು ಕೊನೆಗೆ. “ಹೀಗೇ.”

ಆಚೆ ದಡದಲ್ಲಿ ಅಂಗಡಿಯವನು ಇಳಿದು, ಕಾರು ಹೊರಟ ಕೂಡಲೇ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯತೊಡಗಿದ.

“ಇದೇನ್ರೀ, ವಾಪಸ್ ಹೋಗ್ತಿದಾನೆ!” ಎಂದರು ಅತ್ತೆ. “ಪಾಪ, ಕೊಡೆ ಮರೆತು ಬಂದಿರಬೇಕು. ಅವರ ಮನೇಲಿ ಇದ್ದಿದ್ದೊಂದನ್ನ ನನಗೆ ಕೊಟ್ಬಿಟ್ರಲ್ಲ.”

ಅಷ್ಟರಲ್ಲಿ ಸೊಸೆಯ ಫೋನು ಬಡಿದುಕೊಂಡಿತು. ಗಂಡ.

“ನಿಜ ಹೇಳು. ಅಪ್ಪ ಎಲ್ಲಾದ್ರೂ ದಾರಿ ತಪ್ಪಿದ್ರಾ?”

ಕನ್ನಡಿಯಲ್ಲಿ ಮಾವನ ಕಣ್ಣು ರಸ್ತೆಯ ಮೇಲಿತ್ತು, ಆದರೆ ಕಿವಿ ಇಡೀ ಹಿಂದಿನ ಸೀಟಿನಲ್ಲಿತ್ತು. ಸೊಸೆ ಕರಡು ತಿದ್ದುವವಳ ಎಚ್ಚರದಿಂದ ಒಂದೊಂದೇ ಮಾತು ಆರಿಸಿದಳು.

“ಬೆಳಿಗ್ಗೆಯಿಂದ ಒಂದು ಸಲಾನೂ ನೀರು ಬಲಗಡೆ ಬಿಟ್ಟು ಹೋಗಲಿಲ್ಲ. ಒಂದು ಹೆಬ್ಬಾತು ಮೂರು ಸಲ ಅಡ್ಡ ಬಂತು, ಮೂರು ಸಲಾನೂ ಗೇಣು ದೂರದಲ್ಲಿ ನಿಲ್ಲಿಸಿದ್ರು. ಅಷ್ಟು ಚೆನ್ನಾಗಿ ನಿಮಗೆ ಓಡಿಸೋಕೆ ಬರಲ್ಲ.”

ಫೋನು ಇಟ್ಟಳು. ಮಾವ ಕೀಯ ಗೊಂಚಲನ್ನು ಒಂದು ಬೆರಳಿನಿಂದ ಮೆಲ್ಲಗೆ ತಟ್ಟಿ, ಅದರ ತೂಗಾಟ ನಿಲ್ಲಿಸಿದರು. ಅತ್ತೆ ಬೆರಳು ಮಡಿಸುತ್ತಿದ್ದರು: “ಇವತ್ತು ಒಟ್ಟು ಮೂರು ಊರು ನೋಡಿದ ಹಾಗಾಯ್ತು.”

ಸೊಸೆ ಮಡಿಲಲ್ಲಿ ಬಿದ್ದಿದ್ದ ಬಿಳಿ ಗರಿಯೊಂದನ್ನು ಎತ್ತಿ, ಕಿಟಕಿ ಇಳಿಸಿ ಗಾಳಿಗೆ ಬಿಟ್ಟಳು. ಕಣ್ಣೆದುರಿಗಿದ್ದ ತಪ್ಪೊಂದನ್ನು ತಿದ್ದದೆ ಬಿಡುವುದು ಇಷ್ಟು ಹಾಯೆನಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗಂಡನಿಗಿರಲಿ, ಅತ್ತೆಗಿರಲಿ, ಇದನ್ನು ಯಾರಿಗೂ, ಯಾವತ್ತಿಗೂ ಹೇಳುವುದಿಲ್ಲ ಎಂದುಕೊಂಡು ಕಿಟಕಿ ಏರಿಸಿದಳು.