ಓಣಿಯ ಉದ್ದದ ಪ್ರಾರ್ಥನೆ

ಜೋಳದ ಹಿಟ್ಟಿಗೆ ಸುರಿಯಬೇಕಿದ್ದ ಕುದಿಯುವ ಎಸರು ಎಸ್ತೇರವ್ವನ ಬಲ ಅಂಗೈ ಮೇಲೆ ಚೆಲ್ಲಿ ಎರಡು ತಿಂಗಳಾಗಿತ್ತು. ಗಾಯವೇನೋ ಮಾಯಿತು. ಆದರೆ ಮಾಯುತ್ತ ಮಾಯುತ್ತ ಚರ್ಮ ಎಳೆದುಕೊಂಡು ಬೆರಳುಗಳು ಒಳಗೆ ಮುದುಡಿದವು. ಗಂಡನಿಲ್ಲದ ಎಸ್ತೇರವ್ವ ಮೂಡಲಗಿಯಲ್ಲಿ ರೊಟ್ಟಿ ಬಡಿದು ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದವಳು. ಬಿಚ್ಚದ ಕೈಯಿಂದ ರೊಟ್ಟಿ ಬಡಿಯುವುದು ಹೇಗೆ?

ತಪ್ಪು ಅವಳದೇ. ಬೆರಳು ನೆಟ್ಟಗಿರಲೆಂದು ಆಸ್ಪತ್ರೆಯವರು ಕೈಗೊಂದು ಪ್ಲಾಸ್ಟಿಕ್ ಹಲಗೆ ಕಟ್ಟಿ, ತೆಗೆಯಬೇಡ ಎಂದಿದ್ದರು. ಅವಳು ಬೇಗ ಗುಣವಾಗಲೆಂದು ನಲವತ್ತು ದಿನದ ಉಪವಾಸ ಪ್ರಾರ್ಥನೆ ಹಿಡಿದಳು. ಬೆರಳಿಗೆ ಬೆರಳು ಹೆಣೆದು ಮೊಣಕಾಲೂರಿದರೇನೇ ಪ್ರಾರ್ಥನೆ ಎಂದು ಚಿಕ್ಕಂದಿನಿಂದ ಕಲಿತ ಜೀವ. ಹಲಗೆ ಇದ್ದರೆ ಕೈ ಹೆಣೆಯಲು ಬಾರದು. ದೇವರ ಮುಂದೆ ಹಾಗೆ ಕೂರುವುದು ಮರ್ಯಾದೆಯಲ್ಲವೆಂದು ಬಿಚ್ಚಿಟ್ಟಳು. ತಾಸುಗಟ್ಟಲೆ ಕೈ ಹೆಣೆದು ಕೂತಳು. ಹಾಗೆ ಹೆಣೆದ ಬೆರಳು ಹಾಗೇ ಸೆಟೆದವು.

ಗೋಕಾಕದ ಆಸ್ಪತ್ರೆಯಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಸಂಘಮಿತ್ರಾ, ಹುಕ್ಕೇರಿ ಕಡೆಯ ಹುಡುಗಿ, ಇದನ್ನು ಕೇಳಿ ಬೈಯಲಿಲ್ಲ. "ಒಂದ ತಿಂಗಳ ನೋಡೂಣ್ರಿ, ಎಸ್ತೇರವ್ವಾರ. ಅಷ್ಟ್ರಾಗ ಬಿಚ್ಚಲಿಲ್ಲಂದ್ರ ಆಪರೇಷನ್. ಅದಾದ್ರೂ ರೊಟ್ಟಿ ಬಡಿಯೂ ಕೈ ಆಕ್ಕೈತಿ ಅಂತ ಹೇಳಾಕ ಬರೂದಿಲ್ರಿ."

ಅಂದು ಬಸ್ಸಿನಲ್ಲಿ ಮನೆಗೆ ಬರುವಾಗ ಎಸ್ತೇರವ್ವ ಕಿಟಕಿಗೆ ಮುಖ ಮಾಡಿ ಅತ್ತಳು. "ನಿನ್ನ ಹತ್ರ ಕೇಳಾಕ ಬಂದಾಕಿ ಕೈನ ಕಸಗೊಂಡೆಲ್ಲಪಾ, ಯೇಸಪ್ಪಾ." ಮೂರು ದಿನ ಪ್ರಾರ್ಥನೆ ಮಾಡಲಿಲ್ಲ.

ಮುಂದಿನ ಸಲ ಸಂಘಮಿತ್ರಾ ಅವಳ ಅಂಗೈಯನ್ನು ಮೇಜಿಗೆ ಒತ್ತಿ ಹಿಡಿದು, ಇಪ್ಪತ್ತು ಎಣಿಸಿ ಎಂದಳು. ನೋವಿಗೆ ಆರಕ್ಕೇ ಲೆಕ್ಕ ತಪ್ಪಿತು. ಕಣ್ಣು ಕತ್ತಲಿಟ್ಟಿತು.

"ಬಾಯಾರ, ಇನ್ನ ಮ್ಯಾಲೆ ನಾ ಕೈ ಹೆಣಕೊಂಡು ದೇವ್ರನ್ನ ಕರಿಯಾಕೂ ಬರಂಗಿಲ್ಲೇನ್ರಿ?"

"ಬಿಚ್ಚಿ ಕರೀರಲ್ರಿ. ಅಂವ ಏನರ ಕೊಟ್ರ ಹಿಡಕೊಳ್ಳಾಕ ಅಂಗೈಯಾಗ ಜಾಗಾ ಬೇಕಲ್ಲ?"

ಎಸ್ತೇರವ್ವನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಕಲ್ಲಿನ ಮೇಲೆ ಬಲಗೈಯಿಟ್ಟು ಎಡಗೈಯಿಂದ ಒತ್ತಿದಳು. ಅಂಕಿ ನಾಲಿಗೆಗೆ ಬರಲಿಲ್ಲ. ಪಕ್ಕದ ಮನೆಯ ಇಂದ್ರವ್ವನ ನರಳಾಟ ಗೋಡೆಯಾಚೆಯಿಂದ ಕೇಳಿತು. "ಯೇಸಪ್ಪಾ, ಇಂದ್ರವ್ವನ ಮೊಣಕಾಲ ನೋವು ಇಳಸು," ಎಂದಳು. ಅಷ್ಟು ಹೇಳುವವರೆಗೆ ಕೈ ಒತ್ತಿಯೇ ಇತ್ತು.

ಮರುದಿನ ಕೈ ಒತ್ತಿಕೊಂಡೇ ಪ್ರಾರ್ಥನೆಯಲ್ಲಿ ಇಂದ್ರವ್ವನ ಮನೆ ದಾಟಿ ಮುಂದಿನ ಮನೆಗೆ ಹೋದಳು, ಆ ಮನೆಯ ಕೂಸಿಲ್ಲದ ಸೊಸೆಗಾಗಿ ಬೇಡಿದಳು. ಆಮೇಲೆ ಕುಡಿತ ಬಿಡದ ಉದ್ದಪ್ಪನ ಮನೆ. ಒಂದೊಂದು ದಿನ ನೋವು ತಡೆಯದೆ ಎರಡು ಮನೆ ಹಿಂದಕ್ಕೇ ನಿಂತಳು. ತನ್ನ ನೋವಿನ ನಡುವೆ ಪರರ ನೋವನ್ನು ಹೊತ್ತಾಗ, ತನ್ನದು ಕಡಿಮೆಯಾಗದಿದ್ದರೂ ಹೊರುವ ಹೆಗಲು ಗಟ್ಟಿಯಾಯಿತು. ಒಬ್ಬಳೇ ಹೊರುತ್ತಿಲ್ಲ ಎಂಬುದೂ ತಿಳಿಯಿತು. ರಾತ್ರಿ ಹಲಗೆ ಕಟ್ಟಿಕೊಂಡೇ ಮಲಗಿದಳು.

ಗೋಡೆಯಾಚೆಯಿಂದ ಪ್ರಾರ್ಥನೆ ಕೇಳಿ ಇಂದ್ರವ್ವನಿಗೆ ಗುಟ್ಟು ತಿಳಿದಾಗ ಬಾಗಿಲಲ್ಲೇ ಕೂತು ಗದರಿದಳು: "ಏ ಎಸ್ತೇರಿ, ನನ್ನ ಮೊಣಕಾಲಿಗೆ ಇಷ್ಟಕೊಂದು ಪ್ರಾರ್ಥನಿ ಮಾಡಬ್ಯಾಡ ಬೇ. ನೆಟ್ಟಗಾದ್ರ ಸೊಸಿ ನೀರಿಗೆ ಕಳಸ್ತಾಳ!"

"ಹಂಗಾರ ಅರ್ಧಾ ಮೊಣಕಾಲಕ್ಕ ಮಾಡ್ತೇನಿ ಬಿಡ, ಅಕ್ಕಾ."

ತಿಂಗಳು ತುಂಬುವ ದಿನ ಗೋಕಾಕದಲ್ಲಿ ಸಂಘಮಿತ್ರಾ ಅವಳ ಕೈ ಮುಟ್ಟಲೇ ಇಲ್ಲ. "ನೀವ ಇಡ್ರಿ" ಎಂದು ಮೇಜು ತೋರಿಸಿದಳು. ಎಸ್ತೇರವ್ವ ಕಣ್ಣು ಮುಚ್ಚಿ ಅಂಗೈ ಊರಿದಳು. ಮನಸ್ಸಿನಲ್ಲೇ ಮೊದಲ ಮನೆಯಿಂದ ಹೊರಟು, ಬೇಡುತ್ತ ಬೇಡುತ್ತ ಓಣಿಯ ಕೊನೆಯ ಮನೆಯವರೆಗೂ ನಡೆದಳು. ಕಣ್ಣು ಬಿಟ್ಟಾಗ ಬೆರಳುಗಳೆಲ್ಲ ಮೇಜಿಗೆ ತಾಗಿದ್ದವು. ಕಿರುಬೆರಳು ಮಾತ್ರ ತುಸು ಬಾಗಿತ್ತು.

"ಆಪರೇಷನ್ ಬ್ಯಾಡ್ರಿ" ಎಂದಳು ಸಂಘಮಿತ್ರಾ.

ಮರುದಿನ ಎಸ್ತೇರವ್ವ ಹಿಟ್ಟು ನಾದಿದಳು. ಮೊದಲ ರೊಟ್ಟಿ ಹರಿಯಿತು. ಎರಡನೆಯದು ಸೊಟ್ಟಗಾಯಿತು. ಮೂರನೆಯದನ್ನು ಬಡಿಯತೊಡಗಿದಳು: ಪಟ್, ಪಟ್, ಪಟ್, ನಿಲ್ಲದ ಸಪ್ಪಳ. ಗೋಡೆಯಾಚೆ ಇಂದ್ರವ್ವ ಚೀರಿದಳು, "ಏ, ಎಸ್ತೇರಿ ರೊಟ್ಟಿ ಬಡಿಯಾಕತ್ತಾಳ, ಬರ್ರೇ!" ಬಾಗಿಲುಗಳು ತೆರೆದುಕೊಂಡವು. ಉದ್ದಪ್ಪನ ಹೆಂಡತಿ ಬಂದಳು, ಕೂಸಿಲ್ಲದ ಆ ಸೊಸೆ ಬಂದಳು, ಕುಂಟುತ್ತ ಇಂದ್ರವ್ವನೂ ಬಂದಳು. ಯಾರಿಗಾಗಿ ದಿನವೂ ಬೇಡಿದ್ದಳೋ ಅವರೇ ಒಲೆಯ ಮುಂದೆ ಸಾಲಾಗಿ ನಿಂತಿದ್ದರು.

"ನಿಂತ ನೋಡ್ತೀರೇನ? ತಾಟ ತರ್ರಿ," ಎಂದು ಎಸ್ತೇರವ್ವ ನಕ್ಕಳು. ಹೆಂಚಿನ ಮೇಲೆ ರೊಟ್ಟಿ ಉಬ್ಬಿ ನಿಂತಿತು.